ಜಮಾ, ಖರ್ಚು, ಖೋ

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನದಿಂದ ನಮ್ಮ ಹರಪನಹಳ್ಳಿಯಲ್ಲಿ ಸಲಹೆಯ ಸುಗ್ಗಿ. ಮಳೆ ಇನ್ನೂ ಬಿದ್ದಿರುವುದಿಲ್ಲ, ಮೆಕ್ಕೆಜೋಳದ ಬೀಜಕ್ಕೆ ಓಡಾಟ ಶುರುವಾಗಿರುವುದಿಲ್ಲ. ಇರುವುದೆಲ್ಲ ಮದುವೆಗಳು. ಪಂಕ್ತಿಯಲ್ಲಿ ಕೂತವರಿಗೆ ಎಲೆ ಹಾಕಿದ ಮೇಲೆ ಅನ್ನ ಬರುವತನಕ ಬೇರೆ ಕೆಲಸವಿಲ್ಲ. ಪಕ್ಕದ ಎಲೆಯವರ ಮಕ್ಕಳ ಭವಿಷ್ಯ ಅಷ್ಟರೊಳಗೆ ತೀರ್ಮಾನವಾಗಿ ಹೋಗುತ್ತದೆ. 2024, 2025ರಲ್ಲಂತೂ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಸರ್ಕಾರವೇ ಮೂರು ಸಲ ಅವಕಾಶ ಕೊಟ್ಟಿದ್ದರಿಂದ ಸಲಹೆಯ ಹಂಗಾಮೂ ಆಷಾಢದವರೆಗೆ ಎಳೆಯಿತು.

ಈ ಸಲಹೆಗಾರರ ಬಳಿ ಒಂದು ಸಿದ್ಧ ಜರಡಿ ಇರುತ್ತದೆ. ಮಾರ್ಕ್ಸು ಬಹಳ ಬಂದಿದ್ದರೆ ನೀಟ್, ಸ್ವಲ್ಪ ಕಡಿಮೆಯಾಗಿದ್ದರೆ ಇಂಜಿನಿಯರಿಂಗ್, ಮಧ್ಯಮವಾದರೆ ಬಿ.ಕಾಂ., ಅದಕ್ಕೂ ಕೆಳಗಿದ್ದರೆ ಬಿ.ಎ. ಮಾಡಿಸಿ ಪಿಎಸ್‌ಐ ಪರೀಕ್ಷೆಗೆ ಕೂರಿಸುವುದು. ಆಟ ಆಡುವ ಹುಡುಗರಿಗೂ ಒಂದು ಉತ್ತರ ಇದೆ: ಬಿ.ಪಿ.ಎಡ್. ಮಾಡಿಸಿ ಮೇಷ್ಟ್ರು ಮಾಡುವುದು. ಆದರೆ ಅಕೌಂಟೆನ್ಸಿಯಲ್ಲಿ ತೊಂಬತ್ತರ ಮೇಲೆ ತೆಗೆದು, ಖೋ-ಖೋದಲ್ಲಿ ಜಿಲ್ಲಾ ತಂಡಕ್ಕೂ ಆಡಿ, ಎರಡನ್ನೂ ಬಿಡುವುದಿಲ್ಲ ಅಂತ ಹಟ ಹಿಡಿದ ಹುಡುಗಿ ಎದುರಿಗೆ ಬಂದರೆ ಜರಡಿಯ ಕಣ್ಣಿಗೆ ಅವಳು ಹಿಡಿಸುವುದಿಲ್ಲ. ಆಗ ಸಲಹೆಗಾರರು "ಅನ್ನ ಬಂತು ನೋಡ್ರಿ" ಅಂತ ಮಾತು ತಿರುಗಿಸುತ್ತಾರೆ.

ನಮ್ಮ ಅಕ್ಕನ ಮಗಳು ಆ ಪೈಕಿ. "ಮಾಮ, ನಾ ಫೈನಾನ್ಸೂ ಓದ್ತೀನಿ, ಆಟಾನೂ ಬಿಡಾದಿಲ್ಲ. ಎಲ್ಲಿ ಎರಡೂ ನಡೀತಾವೆ ಹೇಳು" ಅಂತ ನನ್ನ ಮುಂದೆ ಬಂದು ಕೂತಳು. ನನ್ನನ್ನೇ ಯಾಕೆ ಹಿಡಿದಳು ಅಂದರೆ, ನಾನು ಊರಲ್ಲಿ ಅಂಗಡಿಕಾರರ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಿಕೊಟ್ಟು ಬದುಕುವವನು. ಆಟದ ಬಗ್ಗೆ ನನಗಿರುವ ಅರ್ಹತೆ ಅಂದರೆ ಹೈಸ್ಕೂಲಿನಲ್ಲಿ ಕಬಡ್ಡಿ ಪಂದ್ಯಗಳ ಸ್ಕೋರ್ ಬರೆಯುತ್ತಿದ್ದದ್ದು. ಅಂಕಣದೊಳಗೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಮೇಷ್ಟ್ರಿಗೆ ಗೊತ್ತಿತ್ತು.

ನಮ್ಮವ್ವನ ಪ್ರಶ್ನೆ ಬೇರೆಯೇ ಇತ್ತು. ಮೊಮ್ಮಗಳು ಓದುವುದು ದುಡ್ಡು, ಬಡ್ಡಿ, ಸಾಲದ ಲೆಕ್ಕ ಅಂತ ಕೇಳಿ, "ಅದನ್ನ ಕಲಿಯಾಕ ಕಾಲೇಜು ಯಾಕ ಬೇಕವ್ವಾ? ಬಜಾರದಾಗ ಯಾರ ಅಂಗಡ್ಯಾಗರ ಕುಂತ್ರ ಆರು ತಿಂಗಳದಾಗ ಬರ್ತೈತಿ" ಅಂದಳು. ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನನ್ನ ಕಕ್ಷಿದಾರರಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುವ ಅಡತಿ ವ್ಯಾಪಾರಿ ಏಳನೇ ಕ್ಲಾಸು. ಅವರ ಅಂಗಡಿಯಲ್ಲಿ ಟ್ಯಾಲಿ ಹೊಡೆಯುವ ಹುಡುಗ ಎಂ.ಕಾಂ.

ಟ್ಯಾಲಿ ಅಂದರೆ ನೆನಪಾಯಿತು. ನಮ್ಮ ಕಡೆ ಬಿ.ಕಾಂ. ಓದಿದವರ ಬಾಯಲ್ಲಿ ಯಾವ ಪ್ರೊಫೆಸರರ ಹೆಸರಿಗಿಂತಲೂ ಹೆಚ್ಚು ಬರುವ ಹೆಸರು ಅದು. 1986ರಲ್ಲಿ ಬೆಂಗಳೂರಿನಲ್ಲಿ ಗೋಯೆಂಕಾ ಅಪ್ಪ-ಮಗ ಶುರುಮಾಡಿದ ಕಂಪನಿಯ ಸಾಫ್ಟ್‌ವೇರು ಹರಪನಹಳ್ಳಿಯ ಗೊಬ್ಬರದ ಅಂಗಡಿಯವರೆಗೆ ಬಂದು ಕೂತಿದೆ. ಡಿಗ್ರಿ ಮೂರು ವರ್ಷ, ಟ್ಯಾಲಿ ಮೂರು ತಿಂಗಳು. ಕೆಲಸ ಕೊಡುವವರು ಮೊದಲು ಕೇಳುವುದು ಎರಡನೆಯದನ್ನು.

ಆಟಕ್ಕೂ ವಾಣಿಜ್ಯಕ್ಕೂ ಹಳೆಯ ನಂಟಿದೆ, ಅದಕ್ಕೆ ಕಾರಣವೂ ಬಹಳ ಗಹನವಾದದ್ದಲ್ಲ. ಬಿ.ಕಾಂ.ಗೆ ಲ್ಯಾಬ್ ಇಲ್ಲ. ವಿಜ್ಞಾನದ ಹುಡುಗರು ಮಧ್ಯಾಹ್ನ ಪಿಪೆಟ್ ಹಿಡಿದು ನಿಂತಿರುವಾಗ ವಾಣಿಜ್ಯದವರು ಮನೆಗೆ ಹೋಗಿ ಊಟ ಮಾಡಿ ಮೈದಾನಕ್ಕೆ ಬಂದಿರುತ್ತಾರೆ. ನೋಟ್ಸ್ ಸಿಕ್ಕರೆ ಲೆಕ್ಕ ಮನೆಯಲ್ಲೂ ಬಿಡಿಸಬಹುದು, ರೈಲಿನ ಅಪ್ಪರ್ ಬರ್ತ್‌ನಲ್ಲೂ ಬಿಡಿಸಬಹುದು. ರಾಹುಲ್ ದ್ರಾವಿಡ್ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಓದಿದವರು. ಅದೇ ಸಂಸ್ಥೆಯವರ ಬಿಸಿನೆಸ್ ಕಾಲೇಜಿನಲ್ಲಿ ಎಂ.ಬಿ.ಎ. ಓದುತ್ತಿರುವಾಗ ಭಾರತ ತಂಡದಿಂದ ಕರೆ ಬಂತು. 1996ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿ 95 ಹೊಡೆದರು. ನೂರಕ್ಕೆ ತೊಂಬತ್ತೈದು ಅಂತ ನಮ್ಮ ಭಾವ ಇವತ್ತಿಗೂ ಅದನ್ನು ಮಾರ್ಕ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ಬಿಲಿಯರ್ಡ್ಸ್, ಸ್ನೂಕರ್‌ಗಳಲ್ಲಿ ವಿಶ್ವ ಪ್ರಶಸ್ತಿಗಳನ್ನು ಸಾಲಾಗಿ ಗೆದ್ದ ಪಂಕಜ್ ಅಡ್ವಾಣಿ, ಮಂಗಳೂರಿನಿಂದ ಬೆಂಗಳೂರಿಗೆ ಹೋದ ಕೆ.ಎಲ್. ರಾಹುಲ್, ಇಬ್ಬರೂ ಜೈನ್ ಕಾಲೇಜಿನ ಬಿ.ಕಾಂ. ಹಾಗಂತ ಆಟದವರೆಲ್ಲ ವಾಣಿಜ್ಯದವರೇ ಅಂತಲ್ಲ. ಕುಂಬ್ಳೆ, ಶ್ರೀನಾಥ್ ಇಬ್ಬರೂ ಇಂಜಿನಿಯರಿಂಗ್ ಮುಗಿಸಿದವರು. ಲ್ಯಾಬು, ಡ್ರಾಯಿಂಗು, ಬೌಲಿಂಗು ಎಲ್ಲವನ್ನೂ ಒಟ್ಟಿಗೆ ಹೇಗೆ ನಿಭಾಯಿಸಿದರೋ, ಅವರ ತಾಯಂದಿರಿಗೇ ಗೊತ್ತು.

ಈ ನಂಟಿಗೆ ಇನ್ನೊಂದು ಕೊಂಡಿ ಇತ್ತು: ಬ್ಯಾಂಕು. ಕರಾವಳಿಯವರು 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳನ್ನು, 1925ರಲ್ಲಿ ಸಿಂಡಿಕೇಟನ್ನು, 1931ರಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದರು; ಈ ಕಡೆ 1913ರಿಂದ ಮೈಸೂರು ಬ್ಯಾಂಕು. ಬ್ಯಾಂಕುಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಂಡ ಕಟ್ಟುತ್ತಿದ್ದ ಕಾಲದಲ್ಲಿ ಪದವಿಯೂ ಇದ್ದು ರಾಜ್ಯ ತಂಡದ ಜೆರ್ಸಿಯೂ ಇದ್ದ ಹುಡುಗನಿಗೆ ಕೌಂಟರಿನ ಹಿಂದೆ ಒಂದು ಕುರ್ಚಿ ಗ್ಯಾರಂಟಿ ಅಂತ ಜನ ನಂಬಿದ್ದರು. ಆ ಕುರ್ಚಿಯ ಮೇಲೆ ಅವನು ಕೂತಿದ್ದನ್ನು ನೋಡಿದವರು ಕಡಿಮೆ, ಆ ಮಾತು ಬೇರೆ. "ಅವರು ಟೂರ್ನಮೆಂಟಿಗೆ ಹೋಗ್ಯಾರ" ಅನ್ನುವ ಉತ್ತರ ಕೇಳಿ ಪಾಸ್‌ಬುಕ್ ಹಿಡಿದು ವಾಪಸ್ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ. ಆಮೇಲೆ 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಮೂರೇ ವರ್ಷದಲ್ಲಿ ನಾಲ್ಕು ಬೋರ್ಡು ಇಳಿದವು. ಪೇಪರಿನಲ್ಲಿ ವಿಲೀನದಿಂದ ಷೇರುದಾರರಿಗೆ ಏನಾಯಿತು ಅಂತ ಪುಟಗಟ್ಟಲೆ ಬರೆದರು. ನಾಲ್ಕು ಬ್ಯಾಂಕಿದ್ದಲ್ಲಿ ನಾಲ್ಕು ತಂಡಕ್ಕೆ ಜಾಗವಿತ್ತು ಅನ್ನುವುದು ಯಾರ ಬ್ಯಾಲೆನ್ಸ್ ಶೀಟಿನಲ್ಲೂ ಬರಲಿಲ್ಲ.

ನಮ್ಮ ತಾಲ್ಲೂಕಿನ ಆಟಗಾರರಿಗೆ ಇದರ ಮೇಲೆ ಒಂದು ಪ್ರತ್ಯೇಕ ಕಸರತ್ತು ಇದೆ. ನಮ್ಮಪ್ಪ ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ನಮ್ಮನ್ನು ಎತ್ತಿ ಅಲ್ಲಿಗೆ ಕೊಟ್ಟರು. ಸಂವಿಧಾನದ 371 ಜೆ ವಿಧಿಯ ವಿಶೇಷ ಮೀಸಲಾತಿ ಬಳ್ಳಾರಿಗೆ ಸಿಕ್ಕಿ ನಮಗೆ ತಪ್ಪಿತಲ್ಲ ಅಂತ ಹೋರಾಟ ನಡೆದು, 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. ಅಲ್ಲಿ ಸರಿಯಾಗಿ ಬುಡ ಊರುವುದರೊಳಗೆ 2021ರಲ್ಲಿ ವಿಜಯನಗರ ಜಿಲ್ಲೆ. ಊರು ಒಂದು ಗೇಣು ಜರುಗಿಲ್ಲ. ಲೆಟರ್‌ಹೆಡ್ಡು ಮಾತ್ರ ಓಡಾಡಿದೆ. ಇದರಿಂದ ಒಂದೇ ಮನೆಯಲ್ಲಿ ಚಿಕ್ಕಪ್ಪ ಬಳ್ಳಾರಿ ಜಿಲ್ಲೆಗೆ ಆಡಿದವರು, ಅಣ್ಣ ದಾವಣಗೆರೆ ಜಿಲ್ಲೆಗೆ ಆಡಿದವನು, ತಂಗಿ ವಿಜಯನಗರ ಜಿಲ್ಲೆಗೆ ಆಡುವವಳು ಅನ್ನುವ ಸ್ಥಿತಿ. ಮೂವರೂ ಮಂಡಿ ತರಚಿಕೊಂಡದ್ದು ಒಂದೇ ಮೈದಾನದಲ್ಲಿ. ಜಿಲ್ಲೆಯಷ್ಟೇ ಅಲ್ಲ, ವಿಭಾಗವೂ ಬದಲು. ದಾವಣಗೆರೆ ಇರುವುದು ಬೆಂಗಳೂರು ವಿಭಾಗದಲ್ಲಿ, ಬಳ್ಳಾರಿ, ವಿಜಯನಗರ ಇರುವುದು ಕಲಬುರಗಿ ವಿಭಾಗದಲ್ಲಿ. ನಿನ್ನೆಯವರೆಗೆ ಯಾರ ಜೊತೆ ಸೇರಿ ಆಡುತ್ತಿದ್ದರೋ ಇವತ್ತು ಅವರನ್ನೇ ಅಟ್ಟಿಸಿಕೊಂಡು ಹೋಗುವುದು.

ಹೀಗಾಗಿ ಕಾಲೇಜು ಆರಿಸುವಾಗ ನಮಗೆ ನಾಲ್ಕೂ ದಿಕ್ಕು ಸ್ವಂತದ್ದೇ ಅನ್ನಿಸುತ್ತದೆ. ಊರಲ್ಲೇ ಕಾಲೇಜಿಗೆ ಬರವಿಲ್ಲ. ಸರ್ಕಾರಿಯೂ ಇದೆ, ಮಠದವರದ್ದೂ ಇದೆ. ಮನೆ ಊಟ, ಕಡಿಮೆ ಫೀಸು. ಕೊರತೆ ಏನೆಂದರೆ, ಖೋ-ಖೋಗೆ ಬೇಕಾದಷ್ಟು ಹುಡುಗಿಯರು ಒಂದೇ ಕಡೆ ಸೇರುವುದು ಕಷ್ಟ. ಒಂಬತ್ತು ಜನ ಅಂಕಣದಲ್ಲಿರಬೇಕು, ಅಭ್ಯಾಸಕ್ಕೆ ಎದುರು ತಂಡವೂ ಬೇಕು. ಡಿಗ್ರಿ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಇಬ್ಬರ ಮದುವೆ ಆಗಿರುತ್ತದೆ, ಒಬ್ಬಳ ನಿಶ್ಚಿತಾರ್ಥ.

ದಾವಣಗೆರೆ ಹತ್ತಿರ, ಐವತ್ತು ಕಿಲೋಮೀಟರಿನ ಆಸುಪಾಸು. ಎ.ಆರ್.ಜಿ., ಎ.ವಿ.ಕೆ., ಬಾಪೂಜಿ ಅಂತ ಹೆಸರುಗಳು ನಮ್ಮ ಮನೆಗಳಲ್ಲಿ ನೆಂಟರ ಹೆಸರಿನಷ್ಟೇ ಬಳಕೆಯಲ್ಲಿವೆ. ಜಿಲ್ಲೆ ಬದಲಾದರೂ ನಮ್ಮ ಜನಕ್ಕೆ ಆಸ್ಪತ್ರೆ, ಸೀರೆ, ಬೆಣ್ಣೆ ದೋಸೆ ಮೂರೂ ಈಗಲೂ ದಾವಣಗೆರೆಯವೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆ ಒಂದು ಗುಲಾಬಿ ಟಿಕೆಟ್ಟು ನಮ್ಮ ಕಡೆಯ ಎಷ್ಟೋ ಹುಡುಗಿಯರ ಕಾಲೇಜನ್ನು ಬದಲಾಯಿಸಿದೆ. ಅಪ್ಪಂದಿರು ಮುಂಚೆ "ದಿನಾ ಬಸ್ ಚಾರ್ಜು ಎಷ್ಟಾತು ನೋಡು" ಅಂತ ಮುಗಿಸುತ್ತಿದ್ದ ಮಾತಿಗೆ ಈಗ ತಳವಿಲ್ಲ. ಹೊಸಪೇಟೆ, ಬಳ್ಳಾರಿ ಕಡೆ ನೋಡಿದರೆ 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು. ಹರಿಹರ-ಕೊಟ್ಟೂರು-ಹೊಸಪೇಟೆ ರೈಲು ನಮ್ಮೂರ ಮೇಲೇ ಹೋಗುತ್ತದೆ, ಆದರೆ ಅದರ ವೇಳೆಗೆ ಸರಿಯಾಗಿ ಕ್ಲಾಸು ಇಡುವ ಕಾಲೇಜನ್ನು ಇನ್ನೂ ಯಾರೂ ಕಟ್ಟಿಲ್ಲ.

ಇನ್ನು ಘಟ್ಟದ ಕೆಳಗೆ. ಆಟದ ಮಕ್ಕಳ ಮನೆಯಲ್ಲಿ ಉಜಿರೆ, ಮೂಡುಬಿದಿರೆ ಅನ್ನುವ ಎರಡು ಹೆಸರಿಗೆ ಧರ್ಮಸ್ಥಳದ ಪಕ್ಕದ ಸ್ಥಾನ. ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ ಓದುವಾಗ ಭಾರ ಎತ್ತಲು ಕಲಿತ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಅವರಪ್ಪ ಪಿಕಪ್ ಗಾಡಿ ಓಡಿಸುತ್ತಿದ್ದವರು. ಮೂಡುಬಿದಿರೆಯಲ್ಲಿ ಮೋಹನ ಆಳ್ವರು ಆಟಗಾರರನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಕೊಡುತ್ತಾರೆ. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಚಾಂಪಿಯನ್ ಆದದ್ದರಲ್ಲಿ ಅಲ್ಲಿನ ಮಕ್ಕಳ ಕಾಲುಗಳದ್ದೇ ದೊಡ್ಡ ಪಾಲು. ನಮ್ಮಕ್ಕನ ತಕರಾರು ಒಂದೇ: "ಅಲ್ಲಿ ಮೂರು ಹೊತ್ತೂ ಕುಚಲಕ್ಕಿ ಅಂತೆ. ರೊಟ್ಟಿ ಇಲ್ದ ನನ್ ಮಗಳು ಹೆಂಗ್ ಓಡ್ತಾಳ?" ಇಡೀ ಚರ್ಚೆಯಲ್ಲಿ ಬಂದ ಒಂದೇ ಒಂದು ವೈಜ್ಞಾನಿಕ ಆಕ್ಷೇಪಣೆ ಇದು ಅಂತ ನನ್ನ ಅಭಿಪ್ರಾಯ.

ನಮ್ಮ ಭಾವನಿಗೆ ಬೆಂಗಳೂರೇ ಆಗಬೇಕಿತ್ತು. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಸಿ, ಪದಕ ಪಟ್ಟಿಯಲ್ಲೂ ಮೊದಲು ಬಂದದ್ದು ಅಲ್ಲಿನ ಜೈನ್ ವಿಶ್ವವಿದ್ಯಾಲಯ. ಅಷ್ಟು ಸಾಕಾಗಿತ್ತು ಅವರಿಗೆ. ಫೀಸಿನ ಪಟ್ಟಿ ಮೊಬೈಲಿನಲ್ಲಿ ನೋಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಪೋರ್ಟ್ಸ್ ಕೋಟಾದಾಗ ಕೊಟ್ರೆ ಚಲೋ, ಇಲ್ಲಾಂದ್ರ ಬೆಂಗಳೂರಾಗ ಧೂಳು ಬಹಳ" ಅಂದರು.

ಅಮೆರಿಕದ ಮಾತೂ ಬಂತು. ನ್ಯೂಜೆರ್ಸಿಯಲ್ಲಿರುವ ದೂರದ ನೆಂಟರೊಬ್ಬರು ಫೋನಿನಲ್ಲಿ, ಅಲ್ಲಿ ಆಟ ಆಡುವವರಿಗೆ ವಿಶ್ವವಿದ್ಯಾಲಯಗಳೇ ದುಡ್ಡು ಕೊಟ್ಟು ಓದಿಸುತ್ತವೆ ಅಂತ ಆಸೆ ಹುಟ್ಟಿಸಿದರು. ಅದು ಅರ್ಧ ನಿಜ. ಅಲ್ಲಿ ಕಾಲೇಜು ಕ್ರೀಡೆಗೆ ಮೂರು ಡಿವಿಷನ್ ಇವೆ. ಮೂರನೇ ಡಿವಿಷನ್ನಿನ ಕಾಲೇಜುಗಳು ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಮೊದಲ ಡಿವಿಷನ್ನಿನಲ್ಲಿ ಕೊಡುತ್ತಾರೆ, ಜೊತೆಗೆ ಸೀಸನ್ ನಡೆಯುವಾಗ ವಾರಕ್ಕೆ 20 ತಾಸಿಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು, ವಾರಕ್ಕೊಂದು ದಿನ ರಜೆ ಕೊಡಬೇಕು ಅಂತ ನಿಯಮವನ್ನೂ ಇಟ್ಟಿದ್ದಾರೆ. ನಮ್ಮ ಹುಡುಗಿ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು, ಭಾನುವಾರ ಮ್ಯಾಚು. ಅಲ್ಲಾಗಿದ್ದರೆ ಅವಳ ಕೋಚ್ ಮೇಲೆ ವಿಚಾರಣೆ ಆಗುತ್ತಿತ್ತು. ಅಷ್ಟಕ್ಕೂ ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ಖೋ-ಖೋ ಇಲ್ಲ, ಆ ಮಾತು ಅಲ್ಲಿಗೇ ನಿಂತಿತು.

ಖೋ-ಖೋ ಈಗ ಮೊದಲಿನ ಬಡ ಆಟವಾಗಿ ಉಳಿದಿಲ್ಲ ಅನ್ನುವವರೂ ಇದ್ದಾರೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ವಿಶ್ವಕಪ್ ನಡೆದು ಗಂಡಸರ ಕಪ್ಪು, ಹೆಂಗಸರ ಕಪ್ಪು ಎರಡೂ ನಮಗೇ ಬಂದವು. ಹೆಂಗಸರ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಗಂಡಸರ ತಂಡದಲ್ಲಿ ನಮ್ಮ ರಾಜ್ಯದ ಗೌತಮ್. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಅಂತ ಘೋಷಿಸಿತು. ನಮ್ಮಲ್ಲಿ ಘೋಷಣೆಯಾದದ್ದು 5 ಲಕ್ಷ. ಇಬ್ಬರೂ ಅದನ್ನು ಬೇಡ ಅಂದರು. ಆ ದಿನ ಪೇಪರ್ ಓದಿ ನಮ್ಮ ಹುಡುಗಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡಿ, "ನಲವತ್ತೈದು ಪಟ್ಟು ಮಾಮ" ಅಂದಳು. ಇವಳಿಗೆ ಫೈನಾನ್ಸೇ ಸರಿ ಅಂತ ನನಗೆ ಖಾತ್ರಿಯಾದದ್ದು ಆಗ.

ಫೈನಾನ್ಸ್ ಅಂತ ಹೊರಟರೆ ಸಿ.ಎ. ಮಾತು ಬಾರದೆ ಇರುತ್ತದೆಯೇ? ಬಿ.ಕಾಂ.ನಲ್ಲಿ ಶೇಕಡ 55 ಬಂದರೆ ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು ಅನ್ನುವುದು ಒಂದು ಅನುಕೂಲ. ಆದರೆ ಆರ್ಟಿಕಲ್‌ಶಿಪ್ ಅಂತ ಒಂದಿದೆ. ಮೊದಲು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡಾಗಿದೆ. ಆ ಎರಡು ವರ್ಷ ಆಡಿಟರ ಆಫೀಸಿನಲ್ಲಿ ದುಡಿಯುವ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಜುಲೈ ಕೊನೆಗೆ ರಿಟರ್ನು, ಸೆಪ್ಟೆಂಬರ್ ಕೊನೆಗೆ ಟ್ಯಾಕ್ಸ್ ಆಡಿಟ್. ಆ ತಿಂಗಳುಗಳಲ್ಲಿ ಅವರಿಗೆ ಮನೆಯ ದಾರಿಯೇ ಮರೆತಿರುತ್ತದೆ. ಸೆಪ್ಟೆಂಬರಿನಲ್ಲೇ ದಸರಾ ಕ್ರೀಡಾಕೂಟದ ತಾಲ್ಲೂಕು, ಜಿಲ್ಲೆ, ವಿಭಾಗಗಳ ಆಯ್ಕೆಯೂ ನಡೆಯುವುದು. ಹಾಗಾಗಿ ನಾನು ಹೇಳಿದ್ದು ಇಷ್ಟೇ: ಓಡುವ ವಯಸ್ಸಿನಲ್ಲಿ ಓಡು, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 25ರವರೆಗೆ ಅವಕಾಶ. ಸಿ.ಎ.ಗೆ ಆ ಮೇಲ್ಮಿತಿ ಇಲ್ಲ, ನಲವತ್ತಕ್ಕೆ ಪಾಸಾದವರೂ ಇದ್ದಾರೆ. ನಲವತ್ತಕ್ಕೆ ಕಂಬಕ್ಕೆ ಡೈವ್ ಹೊಡೆದವರನ್ನು ನೋಡಿಲ್ಲ.

"ಹಂಗಾರ ಬರೀ ಬಿ.ಕಾಂ. ಸಾಕಾ, ಬಿ.ಬಿ.ಎ. ಮಾಡ್ಲಾ?" ಅಂದಳು. ಬಿ.ಬಿ.ಎ.ಯಲ್ಲಿ ಪ್ರೆಸೆಂಟೇಷನ್, ಪ್ರಾಜೆಕ್ಟ್ ಅಂತ ಎದುರಿಗೆ ನಿಂತು ಮಾತಾಡುವ ಕೆಲಸ ಜಾಸ್ತಿ, ತಂಡದ ಜೊತೆ ಊರೂರು ತಿರುಗುವವರಿಗೆ ಅದು ತೊಡಕು. ಬಿ.ಕಾಂ.ನ ಲೆಕ್ಕ ನೀವು ಇಲ್ಲದಿದ್ದರೂ ಕಾಯುತ್ತದೆ. ಎಷ್ಟು ವರ್ಷ ಅನ್ನುವುದರಲ್ಲೂ ಗೊಂದಲವಿತ್ತು: 2021ರಲ್ಲಿ ನಾಲ್ಕು ವರ್ಷದ ಪದವಿ ಅಂದರು, 2024ರಲ್ಲಿ ಮತ್ತೆ ಮೂರು ವರ್ಷ ಅಂದರು. ಹುಡುಗಿ ಅಡ್ಮಿಷನ್ನಿನ ವಿಷಯ ನನಗಿಂತ ಚೆನ್ನಾಗಿ ಹೇಳಿದಳು. "ಖೋ-ಖೋದಾಗ ಚೇಸರ್ ಒಂದ್ಸಲ ಮಗ್ಗಲು ತಿರುಗಿದ್ರ ಕಂಬ ಮುಟ್ಟಾತನಕ ಹಿಂದಕ ಬರಂಗಿಲ್ಲ ಮಾಮ. ಡಿಗ್ರೀನೂ ಅಷ್ಟ. ತಿರುಗೋಕಿಂತ ಮೊದ್ಲ ನೋಡ್ಕೋಬೇಕು."

ನೋಡಿಕೊಳ್ಳಲೆಂದೇ ಒಂದಷ್ಟು ಕಾಲೇಜು ಸುತ್ತಿದೆವು. ಹೆಸರು ಬೇಡ. ಒಂದು ಕಡೆ ಸ್ವಾಗತದ ಕೋಣೆಯಲ್ಲೇ ಗಾಜಿನ ಬೀರು, ಅದರ ತುಂಬ ಕಪ್ಪುಗಳು. ಹತ್ತಿರ ಹೋಗಿ ನೋಡಿದರೆ ಅರ್ಧಕ್ಕರ್ಧ ಸಿಬ್ಬಂದಿಯ ಕ್ರಿಕೆಟ್ ಟೂರ್ನಮೆಂಟಿನವು. ಖೋ-ಖೋ ಮ್ಯಾಟ್ ಇದೆಯೇ ಅಂತ ಕೇಳಿದಾಗ "ಇದೆ, ಇದೆ" ಅಂತ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು. ಸುತ್ತಿಟ್ಟ ಮ್ಯಾಟಿನ ಮೇಲೆ ಹಳೆಯ ಉತ್ತರಪತ್ರಿಕೆಗಳ ಗಂಟು, ಅದರ ಮೇಲೆ ಒಂದು ಬೆಕ್ಕು ಮರಿ ಹಾಕಿತ್ತು. ವಿಶ್ವಕಪ್ಪು ಆಡುವುದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಕಲಿತ ಕಾಲು ಅದರ ಮೇಲೆ ಮೊದಲ ವಾರ ಜಾರುತ್ತದೆ, ಮೊಣಕಾಲು ಸುಡುತ್ತದೆ. ಬೆಕ್ಕನ್ನು ಎಬ್ಬಿಸುವುದು ಯಾವಾಗ ಅಂತ ಕೇಳಲು ಹುಡುಗಿಗೆ ಸಂಕೋಚವಾಯಿತು, ನಾನು ಕೇಳಿದೆ. ಅವರಿಗೆ ಇಷ್ಟವಾಗಲಿಲ್ಲ.

ಇನ್ನೊಂದು ಕಡೆ ಕಟ್ಟಡ ಹಳೆಯದು, ಗೋಡೆಗೆ ಸುಣ್ಣ ಕಂಡು ವರ್ಷಗಳಾಗಿವೆ. ಆದರೆ ನಾವು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿದ್ದರಿಂದ ಮೈದಾನದಲ್ಲಿ ಜನ ಇದ್ದರು. ಪಿ.ಡಿ. ಸರ್, ಅಂದರೆ ಕಾಲೇಜಿನ ಆಟದ ಮೇಷ್ಟ್ರು, ತಾವೇ ಸುಣ್ಣದ ಪುಡಿಯ ಡಬ್ಬಿ ಹಿಡಿದು ಬಗ್ಗಿ ಗೆರೆ ಎಳೆಯುತ್ತಿದ್ದರು. ಹುಡುಗಿಯರಲ್ಲಿ ಇಬ್ಬರು ಆಗಲೇ ಕಂಬಕ್ಕೆ ಸುತ್ತಿದ ಹಗ್ಗ ಬಿಗಿ ಮಾಡುತ್ತಿದ್ದರು. ಸರ್ ನಮ್ಮನ್ನು ನೋಡಿ ಏನೂ ಕೇಳಲಿಲ್ಲ, ಹುಡುಗಿಯ ಕಾಲಿನ ಶೂ ನೋಡಿದರು. "ಎಡಗಾಲಿನ ಹಿಮ್ಮಡಿ ಸವೆದೈತಿ. ಎಡಕ್ಕ ತಿರುಗೋದು ಜಾಸ್ತಿ ಏನು?" ಅಂದರು. ಅವಳು ನನ್ನ ಮುಖ ನೋಡಿದಳು. ಕಾಲೇಜು ಅಲ್ಲೇ ಆಯ್ಕೆಯಾಗಿ ಹೋಯಿತು ಅಂತ ನನಗೆ ಗೊತ್ತಾಯಿತು, ಆದರೂ ನಾನು ಬಂದ ಕೆಲಸ ಬಿಡುವವನಲ್ಲ. ಅಟೆಂಡೆನ್ಸ್ ವಿಷಯ ಎತ್ತಿದೆ.

ಆಟದ ಮಕ್ಕಳ ನಿಜವಾದ ಎದುರಾಳಿ ಯಾರು ಅಂತ ಕೇಳಿದರೆ ನಾನು ಹಾಜರಿ ಪುಸ್ತಕ ಅನ್ನುತ್ತೇನೆ. ಶೇಕಡ 75 ಇರಬೇಕು. ಆಡಲು ಹೋದ ದಿನಗಳಿಗೆ ಓ.ಡಿ., ಅಂದರೆ ಆನ್ ಡ್ಯೂಟಿ ಹಾಜರಿ ಕೊಡುತ್ತಾರೆ ಅಂತ ನಿಯಮದಲ್ಲಿದೆ, ಆ ಓ.ಡಿ. ಚೀಟಿ ಮೈದಾನದಿಂದ ಆಫೀಸಿನ ಟೇಬಲ್ ತಲುಪುವುದಕ್ಕೆ ಕೆಲವು ಕಡೆ ಒಂದು ಸೆಮಿಸ್ಟರ್ ಬೇಕು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ, ಇಂಟರ್ನಲ್ ಟೆಸ್ಟುಗಳೂ ಆಗಲೇ. ಚೆನ್ನೈನಲ್ಲೋ ಕ್ಯಾಲಿಕಟ್‌ನಲ್ಲೋ ಆಡಿ, ಜನರಲ್ ಬೋಗಿಯಲ್ಲಿ ನಿಂತು ಬಂದ ಹುಡುಗಿಗೆ ಕಾಸ್ಟ್ ಅಕೌಂಟಿಂಗ್‌ನ ಟೆಸ್ಟು ಮುಗಿದು ಹೋಗಿದೆ ಅನ್ನುವ ಸುದ್ದಿ ಕಾದಿರುತ್ತದೆ. ಪಿ.ಡಿ. ಸರ್ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಹಿಂದಿನ ವರ್ಷ ಹೊರಗೆ ಆಡಲು ಹೋದವರ ಹೆಸರು, ತಾರೀಖು, ತಪ್ಪಿದ ಟೆಸ್ಟು, ಅದನ್ನು ಮತ್ತೆ ಬರೆಸಿದ ತಾರೀಖು, ಕೊನೆಯ ಕಾಲಂನಲ್ಲಿ ಆ ವಿಷಯದ ಮೇಷ್ಟ್ರ ಸಹಿ. ನನ್ನ ಕಕ್ಷಿದಾರರು ಇಷ್ಟು ಅಚ್ಚುಕಟ್ಟಾಗಿ ದಾಖಲೆ ಇಟ್ಟಿದ್ದರೆ ನನಗೆ ಅರ್ಧ ಕೆಲಸವೇ ಇರುತ್ತಿರಲಿಲ್ಲ.

ಅವರೇ ಇನ್ನೊಂದು ಮಾತು ಹೇಳಿದರು. ನೌಕರಿಗೆ ಹೋಗುವಾಗ ಮೆಡಲ್ ನೋಡುವುದಿಲ್ಲ, ಫಾರಂ ನೋಡುತ್ತಾರೆ. ಕೇಂದ್ರದ ನಿಯಮದಲ್ಲಿ ದೇಶಕ್ಕೆ ಆಡಿದವರಿಗೆ ಫಾರಂ 1, ರಾಜ್ಯಕ್ಕೆ ರಾಷ್ಟ್ರೀಯ ಪಂದ್ಯ ಆಡಿದವರಿಗೆ ಫಾರಂ 2, ವಿಶ್ವವಿದ್ಯಾಲಯಕ್ಕೆ ಆಡಿದವರಿಗೆ ಫಾರಂ 3, ಶಾಲಾ ಮಟ್ಟದ ರಾಷ್ಟ್ರೀಯ ಕೂಟದವರಿಗೆ ಫಾರಂ 4. ಆಡಿದ ವರ್ಷವೇ ಸಹಿ ಹಾಕಿಸಿಕೊಳ್ಳಬೇಕು. ಐದು ವರ್ಷ ಬಿಟ್ಟು ಹೋದರೆ ಸಹಿ ಹಾಕಬೇಕಾದವರು ನಿವೃತ್ತರಾಗಿ ಮಗನ ಮನೆಗೆ ಹೋಗಿರುತ್ತಾರೆ. ಭಾವ ಇದನ್ನು ಕೇಳಿ ಅವತ್ತೇ ಸಂಜೆ ಮಗಳ ಸರ್ಟಿಫಿಕೇಟುಗಳನ್ನೆಲ್ಲ ಲ್ಯಾಮಿನೇಷನ್ ಮಾಡಿಸಲು ಹೊರಟರು. ಅದರ ಮೇಲೆ ಮತ್ತೆ ಸೀಲು ಬೀಳುವುದಿಲ್ಲ ಅಂತ ತಡೆಯಬೇಕಾಯಿತು.

ಅರ್ಜಿ ಹಾಕಿದ್ದು ನಮ್ಮೂರ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ, ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಬಾಗಿಲಾದ ಯುಯುಸಿಎಂಎಸ್ ತಾಣದ ಮೂಲಕ. ಅದು ತೆರೆಯುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು, ಕರೆಂಟು ಬಂದಾಗ ಓಟಿಪಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಮಿರ್ಚಿ ಮಂಡಕ್ಕಿಯ ಅಂಗಡಿ ಇದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಭಾವ ಮಾತ್ರ ಮೂರನೇ ಪ್ಲೇಟಿಗೆ "ಬೆಂಗಳೂರಾಗಿದ್ರ..." ಅಂತ ಶುರುಮಾಡಿ, ಅಕ್ಕ ನೋಡಿದ ನೋಟಕ್ಕೆ ಮಿರ್ಚಿ ಕಚ್ಚಿದರು.

ಈಗ ಅವಳು ಆ ಸುಣ್ಣ ಕಾಣದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಸಂಜೆ ಅಭ್ಯಾಸ ಮುಗಿಸಿ ಊರಿಗೆ ಬಂದು ಹೋಗುವುದು ಆಗುವುದಿಲ್ಲವೆಂದು ಬಿಸಿಎಂ ಹಾಸ್ಟೆಲ್ಲಿನಲ್ಲಿದ್ದಾಳೆ. ಶನಿವಾರ ಪುಕ್ಕಟೆ ಬಸ್ಸಿಗೆ ಬಂದು ಸೋಮವಾರಕ್ಕೆ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಫೈನಾನ್ಷಿಯಲ್ ಅಕೌಂಟಿಂಗ್‌ಗೆ ಒಳ್ಳೆಯ ಮಾರ್ಕ್ಸು, ವಿಶ್ವವಿದ್ಯಾಲಯದ ತಂಡದಲ್ಲಿ ಸ್ಟ್ಯಾಂಡ್‌ಬೈ.

ನಿಮ್ಮ ಮನೆಯಲ್ಲೂ ಎರಡನ್ನೂ ಬಿಡೆನೆಂದು ಕೂತ ಮಕ್ಕಳಿದ್ದರೆ, ಕಾಲೇಜು ನೋಡಲು ಹತ್ತು ಗಂಟೆಗೆ ಹೋಗಬೇಡಿ, ಬೆಳಿಗ್ಗೆ ಆರಕ್ಕೆ ಹೋಗಿ. ಆಫೀಸು ಬಾಗಿಲು ಹಾಕಿರುತ್ತದೆ, ಅದರಿಂದ ಅನುಕೂಲವೇ.